ಅಟ್ಟದ ಮೇಲಿನ ವ್ಯಾಕ್ಯೂಮ್ ಕ್ಲೀನರ್: ಹಳೆ ಮಷೀನ್ ಹುಡುಕಿ, ಬಿಚ್ಚಿ, ಮತ್ತೆ ಓಡಿಸುವ ಬಗೆ

ನಾನು ಮೊದಲ ಹಳೆ ವ್ಯಾಕ್ಯೂಮ್ ಕ್ಲೀನರ್ ಇಳಿಸಿದ್ದು ನಮ್ಮ ಚಿಕ್ಕಮ್ಮನ ಮನೆಯ ಅಟ್ಟದಿಂದ. ಗೌರಿ ಹಬ್ಬಕ್ಕೆ ಮನೆ ಸ್ವಚ್ಛ ಮಾಡುವ ಭಾನುವಾರ ಅದು. ರಟ್ಟಿನ ಡಬ್ಬ, ಅದರೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಮಷೀನು. ನಳಿಕೆಗಳ ಮೇಲೆ ಒಂದು ಗೀರೂ ಇಲ್ಲ. "ನಾಲ್ಕು ಸಲ ಬಳಸಿದ್ವೇನೋ ಕಣೋ. ಅದನ್ನ ಇಳ್ಸಿ, ಜೋಡ್ಸಿ, ಮತ್ತೆ ಹತ್ತಿಸೋ ಹೊತ್ಗೆ ಪೊರಕೇಲಿ ಮೂರು ರೂಮ್ ಗುಡಿಸ್ಬಹುದು" ಅಂದರು ಚಿಕ್ಕಮ್ಮ. ಹೊಸದರಂತೆ ಇದೆ ಅಂತ ಹಿಗ್ಗಿ ನೇರ ಪ್ಲಗ್ಗಿಗೆ ಹಾಕಿದೆ. ಅರ್ಧ ಸೆಕೆಂಡು ಗುರ್ ಅಂತು. ಹಿಂದಿನ ಜಾಲರಿಯಿಂದ ಇಲಿಗೂಡು ಹಾರಿ ಬಂತು. ಚೂರು ಪೇಪರು, ಹತ್ತಿ, ಕಡಲೆಕಾಯಿ ಸಿಪ್ಪೆ ಎಲ್ಲ ಹಾಲ್ ತುಂಬಾ. ಆಮೇಲೆ ಟಪ್ ಅಂದು ಇಡೀ ಮನೆಯ ಕರೆಂಟು ಹೋಯಿತು.

ಒಳಗೆ ಇಲಿ ವೈರನ್ನು ತಾಮ್ರ ಕಾಣುವಷ್ಟು ಕಡಿದಿತ್ತು. ಮೋಟರ್ ಮಾತ್ರ ಕಾರ್ಖಾನೆಯಿಂದ ಬಂದ ಹಾಗೇ ಇತ್ತು.

ಈ ಲೇಖನದ ಉದ್ದಕ್ಕೂ ನೆನಪಿಡಬೇಕಾದ ಮಾತು ಇದೇ. ಅಮೆರಿಕ, ಇಂಗ್ಲೆಂಡಿನ ಹಳೆ ಮಷೀನುಗಳು ದಿನಾ ಕಾರ್ಪೆಟ್ ಎಳೆದು ಎಳೆದು ಸವೆದಿರುತ್ತವೆ. ನಮ್ಮವು ಸವೆದಿರುವುದಿಲ್ಲ, ಕೂತು ಕೂತು ಕೆಟ್ಟಿರುತ್ತವೆ. ರೆಡ್ ಆಕ್ಸೈಡ್ ನೆಲಕ್ಕೆ, ಮೊಸಾಯಿಕ್‌ಗೆ ಪೊರಕೆ ಮತ್ತು ಒದ್ದೆ ಬಟ್ಟೆಯೇ ಸಾಕು ಅಲ್ವಾ. ಹಾಗಾಗಿ ನಮ್ಮಲ್ಲಿ ಸಿಗುವ ಮಷೀನಿನ ಮೋಟರ್ ಬಹಳ ಸಲ ಚೆನ್ನಾಗಿರುತ್ತದೆ. ಹೋಗಿರುವುದು ರಬ್ಬರು, ಫೋಮು, ವೈರು ಮತ್ತು ಬಟ್ಟೆ. ಹುಡುಕುವಾಗಲೂ ಬಿಚ್ಚುವಾಗಲೂ ಈ ಲೆಕ್ಕ ಇಟ್ಟುಕೊಂಡರೆ ಕೆಲಸ ಅರ್ಧ ಸುಲಭ.

ಯಾವುದನ್ನು ಹುಡುಕಬೇಕು

ಸ್ವಲ್ಪ ಇತಿಹಾಸ ಗೊತ್ತಿದ್ದರೆ ಗುಜರಿ ರಾಶಿಯಲ್ಲಿ ಕಣ್ಣು ತಾನಾಗಿ ಸರಿಯಾದ ಕಡೆ ಹೋಗುತ್ತದೆ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ಧೂಳು ಹಾರಿಸುವ ಯಂತ್ರ ನೋಡಿ, ಊದುವ ಬದಲು ಹೀರಿದರೆ ಹೇಗೆ ಅಂತ ಯೋಚಿಸಿದ. ಅವನ ಯಂತ್ರ ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿತ್ತು, ಕಿಟಕಿಯೊಳಗೆ ಪೈಪ್ ಹೋಗುತ್ತಿತ್ತು. ಮನೆಯೊಳಗೆ ಎಳೆದಾಡುವ ಮಷೀನಿಗೆ 1908ರಲ್ಲಿ ಪೇಟೆಂಟ್ ಪಡೆದವನು ಓಹಾಯೋದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಕಟ್ಟಡ ಗುಡಿಸುವ ಕೆಲಸದವನು, ಉಬ್ಬಸದ ರೋಗಿ. ಅವನ ಹಕ್ಕನ್ನು ಕೊಂಡ ಹೂವರ್ ಮನೆತನದ ಹೆಸರು ಇಂಗ್ಲೆಂಡಿನಲ್ಲಿ ಗುಡಿಸುವುದಕ್ಕೇ ಕ್ರಿಯಾಪದವಾಗಿ ನಿಂತಿತು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 1921ರಲ್ಲಿ ನೆಲದ ಮೇಲೆ ಮಲಗಿ ಜಾರುವ ಸಿಲಿಂಡರ್ ಮಾದರಿ ತಂದಿತು. ನಮ್ಮ ಅಟ್ಟಗಳಲ್ಲಿ ಇರುವ ಬಹುತೇಕ ಮಷೀನುಗಳು ಅದರ ಮರಿಮಕ್ಕಳು.

ನಮ್ಮ ದೇಶದ ಮಟ್ಟಿಗೆ ಮುಖ್ಯವಾದ ವರ್ಷ 1982. ಆಗ ಟಾಟಾ ಬಳಗದ ಫೋರ್ಬ್ಸ್ ಕಂಪನಿ ಎಲೆಕ್ಟ್ರೋಲಕ್ಸ್ ಜೊತೆ ಸೇರಿ ಯುರೇಕಾ ಫೋರ್ಬ್ಸ್ ಶುರು ಮಾಡಿತು. ಟೈ ಕಟ್ಟಿಕೊಂಡ ಹುಡುಗರು ಆ ಕಂಪನಿಯ ಯೂರೋಕ್ಲೀನ್ ಮಷೀನ್ ಹೊತ್ತು ಮನೆಮನೆಗೆ ಬರುತ್ತಿದ್ದರು. ನೀವು ಶುದ್ಧ ಅಂದುಕೊಂಡ ಹಾಸಿಗೆಯಿಂದಲೇ ಧೂಳು ಎಳೆದು ತೋರಿಸುತ್ತಿದ್ದರು. ಅಮ್ಮಂದಿರಿಗೆ ಅವಮಾನವಾಗಿ ಕಂತಿನಲ್ಲಿ ಕೊಳ್ಳುತ್ತಿದ್ದರು. ಅಂದಹಾಗೆ, ಅದರ ಮೂಲ ಕಂಪನಿಗೆ ಮುಂದೆ ಕೆಲವು ಕಾಲ ಫೋರ್ಬ್ಸ್ ಗೋಕಾಕ್ ಅಂತಲೇ ಹೆಸರಿತ್ತು. ನಮ್ಮ ಗೋಕಾಕದ ಜಲಪಾತದ ಪಕ್ಕದ ಹತ್ತಿ ಗಿರಣಿಯ ಗೋಕಾಕ್ ಅದು.

ಎರಡನೇ ಬಗೆ ವಿದೇಶದಿಂದ ಮನೆಯವರು ಹೊತ್ತು ತಂದದ್ದು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನಿಂದ ಬಂದವು ಇರುತ್ತವೆ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಅಮೆರಿಕ, ಇಂಗ್ಲೆಂಡಿನವು ಸಿಗುತ್ತವೆ. ಅದೃಷ್ಟ ಚೆನ್ನಾಗಿದ್ದರೆ ಹೂವರ್ ಕಾನ್ಸ್‌ಟೆಲೇಷನ್ ಸಿಕ್ಕೀತು. 1954ರ ಮಾದರಿ, ಚೆಂಡಿನ ಹಾಗೆ ದುಂಡಗೆ ಇರುತ್ತದೆ. ತಾನು ಹೊರಬಿಡುವ ಗಾಳಿಯ ಮೇಲೆ ತಾನೇ ತೇಲುವ ಹಾಗೆ ಮಾಡಿದ್ದು. ನನಗೆ ಇನ್ನೂ ಸಿಕ್ಕಿಲ್ಲ.

ಹುಡುಕುವುದಕ್ಕೆ ಮೊದಲ ಜಾಗ ನೆಂಟರ ಮನೆ. ಮನೆ ಒಡೆದು ಕಟ್ಟುವವರು, ಅಪಾರ್ಟ್‌ಮೆಂಟಿಗೆ ಹೋಗುವವರು ಸುಮ್ನೆ ಕೊಟ್ಟುಬಿಡುತ್ತಾರೆ. ಆಮೇಲೆ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಬೆಳಿಗ್ಗೆ ಬೇಗ ಹೋಗಿ, ಚೌಕಾಸಿ ನಗುನಗುತ್ತಾ ಮಾಡಿ. ಮಷೀನಿಗಿಂತ ಹೆಚ್ಚಾಗಿ ಹೋಸ್ ಪೈಪು, ನಳಿಕೆ, ಬ್ರಷ್ಷುಗಳು ಜೊತೆಗಿವೆಯಾ ನೋಡಿ. ಮೋಟರ್ ಸಿಗುತ್ತದೆ, ಬೇರಿಂಗ್ ಸಿಗುತ್ತದೆ. ಆ ಮಷೀನಿಗೇ ಕೂರುವ ನಳಿಕೆ ಮಾತ್ರ ಬೇರೆಲ್ಲೂ ಸಿಗುವುದಿಲ್ಲ.

ಕೊಳ್ಳುವ ಮೊದಲು ಎರಡು ನಿಮಿಷ

ಪ್ಲಗ್ ಹಾಕಿ ತೋರಿಸುತ್ತೇನೆ ಅಂತ ಅಂಗಡಿಯವನು ಹೇಳಿದರೆ ಬೇಡ ಅನ್ನಿ. ಮಷೀನನ್ನು ಎತ್ತಿ ಅಲ್ಲಾಡಿಸಿ. ಗಲಗಲ ಅಂದರೆ ಫ್ಯಾನಿನ ರೆಕ್ಕೆಯೋ ಮೋಟರಿನ ಬ್ರಾಕೆಟ್ಟೋ ಮುರಿದಿದೆ. ಹೀರುವ ಬಾಯಿಗೆ ಮೂಗು ಹಿಡಿಯಿರಿ. ಧೂಳಿನ ವಾಸನೆ, ಇಲಿ ವಾಸನೆ ಪರವಾಗಿಲ್ಲ. ಸುಟ್ಟ ವಾರ್ನಿಷ್ಷಿನ ಘಾಟು ಬಂದರೆ ಮೋಟರಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಹೋಗಿದೆ, ಬೆಲೆ ಇಳಿಸಿ ಅಥವಾ ಬಿಟ್ಟು ಬನ್ನಿ.

ಕೆಳಗಿನ ತಗಡಿನ ಪಟ್ಟಿ ಓದಿ. 110 ಅಥವಾ 120 ವೋಲ್ಟ್ ಅಂತಿದ್ದರೆ ಅದು ಸಾಮಾನ್ಯವಾಗಿ ಅಮೆರಿಕದ್ದು. ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಸುಡುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸಾವಿರ ವ್ಯಾಟಿನ ಮಷೀನಿಗೆ 1500 ವಿ.ಎ. (ವೋಲ್ಟ್ ಆಂಪಿಯರ್) ಸಾಮರ್ಥ್ಯದ್ದು ತಗೊಳ್ಳಿ, ಬಿಗಿಯಾಗಿ ಲೆಕ್ಕ ಹಾಕಬೇಡಿ. ಅಲ್ಲಿನ 60 ಹರ್ಟ್ಸ್, ಇಲ್ಲಿನ 50 ಅನ್ನುವ ಚಿಂತೆ ಬೇಡ. ಈ ಮೋಟರ್ ಎಸಿಗೂ ಡಿಸಿಗೂ ತಿರುಗುವ ಜಾತಿಯದು.

ಆ ಜಾತಿ ನಿಮಗೆ ಗೊತ್ತಿರುವುದೇ. ಅಡುಗೆಮನೆಯ ಮಿಕ್ಸಿಯಲ್ಲಿ ಇರುವುದೂ ಇದೇ. ತಿರುಗುವ ಭಾಗ ಆರ್ಮೇಚರ್, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದಕ್ಕೆ ತಾಗಿ ಕರೆಂಟು ಕೊಡುವ ಇಂಗಾಲದ ತುಂಡುಗಳು ಕಾರ್ಬನ್ ಬ್ರಷ್, ಎಲ್ಲ ಒಂದೇ ಕಥೆ. ಹಾಗಾಗಿ "ವ್ಯಾಕ್ಯೂಮ್ ಕ್ಲೀನರ್ ರಿಪೇರಿಯವರು ಯಾರೂ ಇಲ್ಲ" ಅಂತ ಕೈಚೆಲ್ಲಬೇಡಿ. ನಿಮ್ಮ ಊರಿನ ಮಿಕ್ಸಿ ರಿಪೇರಿ ಅಂಗಡಿಯವರೇ ನಿಮ್ಮ ಗುರು.

ಬಿಚ್ಚುವುದು

ಹೊರಗೆ, ಅಂಗಳದಲ್ಲೋ ಟೆರೇಸಿನಲ್ಲೋ ಕೂತು ಬಿಚ್ಚಿ. ಮಾಸ್ಕ್ ಹಾಕಿಕೊಳ್ಳಿ. ಚೀಲದಲ್ಲಿರುವುದು ನಲವತ್ತು ವರ್ಷದ ಬೇರೆಯವರ ಮನೆ ಧೂಳು, ಇಲಿ ಹಿಕ್ಕೆ ಬೇರೆ. 1950ರ ದಶಕಕ್ಕೂ ಹಿಂದಿನ ಮಷೀನಿನಲ್ಲಿ ವೈರಿನ ಸುತ್ತ ಬಿಳಿ ನಾರಿನಂಥ ಹೊದಿಕೆ ಕಂಡರೆ ಅದನ್ನು ಕೆರೆಯಬೇಡಿ. ಕಲ್ನಾರು ಇರಬಹುದು. ಅಂಥದ್ದನ್ನು ಮುಚ್ಚಿಟ್ಟು ಸುಮ್ಮನೆ ನೋಡಲು ಇಟ್ಟುಕೊಳ್ಳಿ.

ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಹಾಕಿ. ಬಿಚ್ಚಿದ ಕ್ರಮದಲ್ಲೇ ಇಟ್ಟರೆ ಉಲ್ಟಾ ಕ್ರಮದಲ್ಲಿ ಹಾಕುವುದು ಸುಲಭ. ಮೋಟರಿನ ಫ್ಯಾನ್ ಹಿಡಿದಿರುವ ನಟ್ ಕೆಲವು ಮಾದರಿಗಳಲ್ಲಿ ಉಲ್ಟಾ ಥ್ರೆಡ್ಡಿನದು. ಬರಲಿಲ್ಲ ಅಂತ ಬಲ ಹಾಕುವ ಮೊದಲು ಇನ್ನೊಂದು ದಿಕ್ಕಿಗೂ ತಿರುಗಿಸಿ ನೋಡಿ. ನಾನು ಒಂದು ಅಲ್ಯೂಮಿನಿಯಂ ಫ್ಯಾನನ್ನು ಹೀಗೆಯೇ ತಿರುಚಿ ಹಾಳು ಮಾಡಿದ್ದೇನೆ.

ಮೋಟರಿಗೆ ಮುಂಚೆ ಒಂದು ಫೋಮ್ ಫಿಲ್ಟರ್ ಇರುತ್ತದೆ. ಅದನ್ನು ಬೆರಳಲ್ಲಿ ಒತ್ತಿ. ಹಳೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ, ಇಲ್ಲ ಅಂದರೆ ಹಲ್ವಾದ ಹಾಗೆ ಅಂಟುತ್ತದೆ. ಮಷೀನ್ ಆನ್ ಮಾಡಿದ್ದರೆ ಈ ಪುಡಿಯೆಲ್ಲ ನೇರ ಮೋಟರಿನೊಳಗೆ ಹೋಗುತ್ತಿತ್ತು. ಪ್ಲಗ್ ಹಾಕಬೇಡಿ ಅಂತ ನಾನು ಗೋಗರೆಯುವುದಕ್ಕೆ ಇಲಿಗಿಂತ ದೊಡ್ಡ ಕಾರಣ ಇದು.

ಕರೆಂಟಿನ ಭಾಗ

ಹಳೆ ಕೇಬಲ್ಲನ್ನು ಬಾಗಿಸಿ ನೋಡಿ. ಚಟಚಟ ಸೀಳಿದರೆ ಪೂರ್ತಿ ಬದಲಿಸಿ, ಟೇಪ್ ಸುತ್ತಬೇಡಿ. ಲೋಹದ ಮೈಯ ಹಳೆ ಮಷೀನುಗಳಲ್ಲಿ ಎರಡೇ ತಂತಿಯ ಕೇಬಲ್ ಇರುವುದುಂಟು, ಅರ್ತಿಂಗ್ ಇರುವುದಿಲ್ಲ. ಅಂಥದಕ್ಕೆ ಮೂರು ತಂತಿಯ ಕೇಬಲ್ ಹಾಕಿಸಿ, ಹಸಿರು ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಸ್ಕ್ರೂ ಮಾಡಿ. ಮುಟ್ಟಿದರೆ ಕೈ ಜುಂ ಅನ್ನುತ್ತದೆ ಅನ್ನುವ ದೂರು ಇಂಥ ಮಷೀನುಗಳದ್ದೇ.

ಸ್ವಿಚ್ಚಿನ ಹತ್ತಿರ ಬೆರಳುದ್ದದ ಕೆಪಾಸಿಟರ್ ಇದ್ದರೆ ಅದನ್ನೂ ತೆಗೆಯಿರಿ. ಹಳೆಯ ಪೇಪರ್ ಕೆಪಾಸಿಟರುಗಳು ತೇವ ಹೀರಿ ಬಿರುಕು ಬಿಟ್ಟಿರುತ್ತವೆ, ಒಂದು ದಿನ ಹೊಗೆ ಕಾರಿ ಸಿಡಿಯುತ್ತವೆ. ಅದರ ಜಾಗಕ್ಕೆ ಎಕ್ಸ್2 ಅಂತ ಬರೆದಿರುವುದೇ ಬೇಕು, ಅದು ನೇರ ಮನೆಯ ಕರೆಂಟಿಗೆ ಹಾಕಲು ಮಾಡಿದ ಸುರಕ್ಷತೆಯ ದರ್ಜೆ. ಮಷೀನಿನ ಲೋಹದ ಮೈಗೆ ಸೇರಿಸಿದ ಕೆಪಾಸಿಟರ್ ಇದ್ದರೆ ಅಲ್ಲಿಗೆ ವೈ ದರ್ಜೆಯದು. ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಹಾಕಿ ಹೊಂದಿಸಬೇಡಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ.

ಮಲೆನಾಡು, ಕರಾವಳಿಯ ಮಷೀನಾದರೆ ಮೋಟರ್ ತೇವ ಕುಡಿದಿರುತ್ತದೆ. ಎರಡು ದಿನ ಒಳ್ಳೆ ಬಿಸಿಲಿಗಿಡಿ. ಮಳೆಗಾಲವಾದರೆ ರಟ್ಟಿನ ಡಬ್ಬದಲ್ಲಿ ಮೋಟರ್ ಇಟ್ಟು, ಡಬ್ಬಕ್ಕೆ ತಾಗದ ಹಾಗೆ 60 ವ್ಯಾಟಿನ ಹಳೆ ಥರದ ಬಲ್ಬ್ ಉರಿಸಿ. ನೀವು ಮನೆಯಲ್ಲಿರುವಾಗ ಮಾತ್ರ. ಆಮೇಲೆ ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತದಾ ಅಂತ ನೋಡುವ ಮೀಟರ್) ಹಿಡಿಸಿ. ವೈಂಡಿಂಗಿಗೂ ಮೈಗೂ ನಡುವೆ ಕನಿಷ್ಠ ಒಂದು ಮೆಗಾ ಓಮ್ ಆದರೂ ತೋರಿಸಬೇಕು. ಬರೀ ಮಲ್ಟಿಮೀಟರ್ ನಂಬಬೇಡಿ. ಅದು ಸಣ್ಣ ವೋಲ್ಟೇಜಿನಲ್ಲಿ ಅಳೆಯುತ್ತದೆ, ಸೋರಿಕೆ ಗೊತ್ತಾಗುವುದಿಲ್ಲ.

ಮೋಟರ್

ಕೈಯಲ್ಲಿ ತಿರುಗಿಸಿ. ಮೆತ್ತಗೆ ತಿರುಗಿ ತಾನೇ ನಿಂತರೆ ಬೇರಿಂಗ್ ಚೆನ್ನಾಗಿದೆ. ಮರಳು ಅರೆದ ಹಾಗೆ ಅನ್ನಿಸಿದರೆ ಬದಲಿಸಿ. ಗ್ರೀಸ್ ಒಣಗಿ ಮೇಣವಾಗಿರುವುದೇ ಸಾಮಾನ್ಯ. ಬೇರಿಂಗಿನ ಮೈಮೇಲೆ ನಂಬರ್ ಇರುತ್ತದೆ. 608 ಅಂತಿದ್ದರೆ ಒಳಗಿನ ತೂತು 8, ಹೊರಗೆ 22, ದಪ್ಪ 7 ಮಿಲಿಮೀಟರ್. ಸ್ಕೇಟಿಂಗ್ ಚಕ್ರದಲ್ಲೂ ಇದೇ ಅಳತೆ ಇರುತ್ತದೆ ಅಂತ ಅದನ್ನು ತಂದು ಹಾಕಬೇಡಿ. ಈ ಮೋಟರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಜಾಸ್ತಿ ತಿರುಗುತ್ತದೆ. ಒಳ್ಳೆ ಕಂಪನಿಯದೇ ತಗೊಳ್ಳಿ. ಶಾಫ್ಟಿಗೆ ಹಾಕುವಾಗ ಒಳಗಿನ ಬಳೆಯನ್ನು ಮಾತ್ರ ಒತ್ತಬೇಕು. ಹೊರಗಿನ ಬಳೆಗೆ ಸುತ್ತಿಗೆಯಲ್ಲಿ ಕೊಟ್ಟರೆ ಹೊಸ ಬೇರಿಂಗ್ ಅಲ್ಲೇ ಹಳೆಯದಾಯಿತು. ತುಂಬಾ ಹಳೆ ಮಷೀನಿನಲ್ಲಿ ಬೇರಿಂಗ್ ಬದಲು ಕಂಚಿನ ಬುಷ್ (ಶಾಫ್ಟ್ ತಿರುಗುವ ಕೊಳವೆ), ಸುತ್ತ ಉಣ್ಣೆಯ ವಾಷರ್ ಇರುತ್ತದೆ. ಅದಕ್ಕೆ ನಾಲ್ಕು ಹನಿ ಮೆಷೀನ್ ಎಣ್ಣೆ ಕುಡಿಸಿದರೆ ಸಾಕು.

ಕಾರ್ಬನ್ ಬ್ರಷ್ ಹೊರಗೆ ಎಳೆಯುವ ಮೊದಲು ಯಾವುದು ಯಾವ ಕಡೆ, ಯಾವ ಮುಖ ಮೇಲೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅವು ಕಮ್ಯುಟೇಟರಿನ ದುಂಡಿಗೆ ಸವೆದು ಹೊಂದಿಕೊಂಡಿರುತ್ತವೆ. ಅಟ್ಟದ ಮಷೀನಿನಲ್ಲಿ ಬ್ರಷ್ ಉದ್ದ ಇನ್ನೂ ಚೆನ್ನಾಗಿಯೇ ಇರುತ್ತದೆ, ಆದರೆ ಹೋಲ್ಡರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮಷೀನ್ ಸತ್ತಿದೆ ಅಂತ ಮಾರಿದವುಗಳಲ್ಲಿ ನನಗೆ ಎರಡು ಸಲ ಬರೀ ಇಷ್ಟೇ ತೊಂದರೆ ಸಿಕ್ಕಿದೆ. ಬ್ರಷ್ ಹೊರತೆಗೆದು ಒರೆಸಿ, ಹೋಲ್ಡರ್ ಚೊಕ್ಕ ಮಾಡಿ, ಸ್ಪ್ರಿಂಗ್ ಒತ್ತಿದರೆ ಸರಾಗ ಜಾರಬೇಕು. ಅಷ್ಟೇ.

ಕಮ್ಯುಟೇಟರ್ ಕಪ್ಪಗಾಗಿದ್ದರೆ 800 ನಂಬರಿನ ಸ್ಯಾಂಡ್ ಪೇಪರ್ ಪಟ್ಟಿ ಸುತ್ತಿ ಆರ್ಮೇಚರ್ ಅನ್ನು ಕೈಯಲ್ಲೇ ತಿರುಗಿಸಿ. ಎಮರಿ ಬಟ್ಟೆ ಬೇಡ, ಅದರ ಕಣಗಳು ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಕೊನೆಗೆ ಆ ಸಂದುಗಳನ್ನು ಹಲ್ಲುಕಡ್ಡಿಯಲ್ಲಿ ಒಂದೊಂದಾಗಿ ಕೆದಕಿ. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಂಡು ಕೂರಿ.

ಮೊದಲ ಸಲ ಕರೆಂಟ್ ಕೊಡುವುದು

ನೇರ ಕೊಡಬೇಡಿ. ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡ್ ಇರುತ್ತದಲ್ಲ, ಒಂದು ತಂತಿಯ ನಡುವೆ ಬಲ್ಬ್ ಹೋಲ್ಡರ್, ಅದರಲ್ಲಿ 200 ವ್ಯಾಟಿನ ಹಳೆ ಥರದ ತಂತಿ ಬಲ್ಬ್. ಅದರ ಮೂಲಕ ಕೊಡಿ. ಬಲ್ಬ್ ಜೋರಾಗಿ ಹತ್ತಿ, ಮೋಟರ್ ನಿಧಾನ ತಿರುಗತೊಡಗಿದ ಹಾಗೆ ಸ್ವಲ್ಪ ಮಂಕಾದರೆ ಎಲ್ಲ ಸರಿ. ಮೋಟರ್ ಅಲ್ಲಾಡದೆ ಬಲ್ಬ್ ಪೂರ್ತಿ ಉರಿಯುತ್ತಿದ್ದರೆ ಶಾರ್ಟ್ ಇದೆ ಅಥವಾ ಮೋಟರ್ ಬಿಗಿದಿದೆ. ಬಲ್ಬ್ ಹತ್ತಲೇ ಇಲ್ಲವಾ, ಬ್ರಷ್ ತಾಗಿಲ್ಲ, ಸ್ವಿಚ್ ಹೋಗಿದೆ ಅಥವಾ ಎಲ್ಲೋ ತಂತಿ ತುಂಡಾಗಿದೆ. ಬಲ್ಬ್ ಇದೆ ಅಂತ ಮೈ ಮುಟ್ಟಬೇಡಿ, ಶಾಕ್ ಹೊಡೆಯುವುದನ್ನು ಅದು ತಡೆಯುವುದಿಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನಿನಲ್ಲೇ ಈ ಕೆಲಸ ಮಾಡಿ.

ಹೊಸ ಬ್ರಷ್ ಹಾಕಿದ್ದರೆ ಹೀಗೇ ಸೀರೀಸಿನಲ್ಲಿ ಅರ್ಧ ಗಂಟೆ ಮೆಲ್ಲಗೆ ಓಡಲಿ, ಬ್ರಷ್ ಕೂರುತ್ತದೆ. ಬ್ರಷ್ಷಿನ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಭಯವಿಲ್ಲ. ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ಕಂಡರೆ ಆರ್ಮೇಚರಿನೊಳಗೆ ಶಾರ್ಟ್ ಆಗಿದೆ. ಆಗ ರಿವೈಂಡಿಂಗ್ ಅಂಗಡಿಗೆ.

ಗಾಳಿಯ ದಾರಿ

ಮೋಟರ್ ತಿರುಗಿತು ಅಂತ ಕುಣಿದವರು ಆಮೇಲೆ ಬೇಸರಪಡುವುದು ಇಲ್ಲಿ. ಶಬ್ದ ಬರುತ್ತದೆ, ಕಸ ಬರುವುದಿಲ್ಲ. ಮೋಟರ್ ಎಳೆಯುತ್ತಲೇ ಇದೆ, ಆದರೆ ಹೋಸ್ ಪೈಪಿನ ಬಾಯಿಂದ ಅಲ್ಲ, ಮುಚ್ಚಳದ ಸಂದಿಯಿಂದ.

ಹೋಸ್ ಪೈಪಿನ ತುದಿಯನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿ, ಕಿವಿಗೊಡಿ. ಮೋಟರಿನ ಸ್ವರ ಏರಬೇಕು. ಮೋಟರಿಗೆ ಕಷ್ಟ ಆಗುತ್ತಿದೆ ಅಂತ ಬಹಳ ಜನ ಗಾಬರಿಯಾಗುತ್ತಾರೆ. ಆಗುತ್ತಿರುವುದು ಉಲ್ಟಾ. ಗಾಳಿ ಬರದಿದ್ದರೆ ಫ್ಯಾನಿಗೆ ತಳ್ಳುವುದಕ್ಕೆ ಏನೂ ಇಲ್ಲ, ಹೊರೆ ಇಳಿದು ಜೋರಾಗಿ ತಿರುಗುತ್ತದೆ. ಸ್ವರ ಏರಲೇ ಇಲ್ಲ ಅಂದರೆ ಗಾಳಿ ಬೇರೆ ಎಲ್ಲಿಂದಲೋ ನುಗ್ಗುತ್ತಿದೆ ಅಂತ ಅರ್ಥ. ಜಾಸ್ತಿ ಹೊತ್ತು ಮುಚ್ಚಬೇಡಿ. ಬಹಳಷ್ಟು ಹಳೆ ಮಷೀನುಗಳಲ್ಲಿ ಮೋಟರ್ ತಣ್ಣಗಿರುವುದು ಅದೇ ಗಾಳಿಯಿಂದ.

ಈಗ ಉರಿಯುವ ಊದುಬತ್ತಿ ಹಿಡಿದು ಸಂದುಗೊಂದಿಗಳ ಸುತ್ತ ಒಯ್ಯಿರಿ. ಹೊಗೆ ಒಳಗೆ ಸೆಳೆದ ಜಾಗವೇ ತೂತು. ಕಿಡಿ ಒಳಗೆ ಹೋಗದ ಹಾಗೆ ಒಂದು ಗೇಣು ದೂರ ಇರಲಿ. ಮುಚ್ಚಳದ ಸಂದಿ ಮುಚ್ಚುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಕರಗಿ ಅಂಟಾಗಿದ್ದರೆ ಕೆರೆದು ತೆಗೆದು, ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪನ್ನು ಸುತ್ತ ಹಾಕಿ. ಮೋಟರಿನ ಕೆಳಗಿನ ರಬ್ಬರ್ ಬಳೆ ಪುಡಿಯಾಗಿದ್ದರೆ ಸ್ಕೂಟರ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಎರಡು ಮೂರು ಪದರ ಕೂರಿಸಿ. ಗದ್ದಲವೂ ಇಳಿಯುತ್ತದೆ. ಹೋಸ್ ಪೈಪು ಹೆಚ್ಚಾಗಿ ಹಿಡಿಯ ಹತ್ತಿರವೇ ಸೀಳುತ್ತದೆ. ಆ ಅರ್ಧ ಅಡಿ ಕತ್ತರಿಸಿ ಎಸೆದು, ಹಿಡಿಯನ್ನು ಮತ್ತೆ ತಿರುಗಿಸಿ ಹಾಕಿ.

ಅಳೆದು ನೋಡುವ ಆಸೆ ಇದ್ದರೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ತನ್ನಿ. ಮೊದಲ ಮಹಡಿಯ ಬಾಲ್ಕನಿಯಿಂದ ಕೆಳಗಿನ ಬಕೆಟ್ ನೀರಿಗೆ ಇಳಿಬಿಡಿ. ಮೇಲಿನ ತುದಿಯನ್ನು ತೂತು ಮಾಡಿದ ರಬ್ಬರ್ ಬಿರಡೆಗೆ ತೂರಿಸಿ ಹೋಸ್ ಪೈಪಿನ ಬಾಯಿಗೆ ಬಿಗಿಯಿರಿ. ಐದು ಸೆಕೆಂಡು ಆನ್ ಮಾಡಿ. ಪೈಪಿನಲ್ಲಿ ನೀರು ಬಕೆಟ್ಟಿನ ಮಟ್ಟದಿಂದ ಎಷ್ಟು ಏರಿತು ಅನ್ನುವುದೇ ನಿಮ್ಮ ಮಷೀನಿನ ಎಳೆತ. ಪೈಪಿನ ಎತ್ತರ ಮೂರು ಮೀಟರಿಗೆ ಕಮ್ಮಿ ಇರಬಾರದು, ನೀರು ಮಷೀನಿಗೆ ಹೋದರೆ ಕಥೆ ಮುಗಿಯಿತು. ಚಿಕ್ಕಮ್ಮನ ಮಷೀನು ಗ್ಯಾಸ್ಕೆಟ್ ಬದಲಿಸುವ ಮೊದಲು 95 ಸೆಂಟಿಮೀಟರ್ ಎಳೆಯಿತು, ಆಮೇಲೆ ಒಂದೂವರೆ ಮೀಟರ್. ಮೋಟರನ್ನು ಮುಟ್ಟಿರಲೇ ಇಲ್ಲ.

ಚೀಲ, ಮೈ

ಹಳೆ ಮಾದರಿಯ ಕಾಗದದ ಚೀಲ ಈಗ ಸಿಗುವುದಿಲ್ಲ. ಹಳೆ ಚೀಲದ ರಟ್ಟಿನ ಕುತ್ತಿಗೆಯನ್ನು ಅಚ್ಚಾಗಿ ಇಟ್ಟುಕೊಂಡು, ಒತ್ತಾದ ನೇಯ್ಗೆಯ ಕೋರಾ ಬಟ್ಟೆಯನ್ನು ಎರಡು ಪದರ ಮಾಡಿ ಟೈಲರಿಂದ ಹೊಲಿಸಿ. ಹೊಲಿಗೆ ಒಳಮುಖಕ್ಕೆ ಬರಲಿ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಮ್ಮೆ ಒಗೆದು ಪೂರ್ತಿ ಒಣಗಿಸಿ ಹಾಕಿ. ಗಂಜಿ ಇದ್ದರೆ ಗಾಳಿ ದಾಟುವುದಿಲ್ಲ.

ಮೈಗೆ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರು, ಹಿಂಡಿದ ಬಟ್ಟೆ. ಕ್ರೋಮ್ ನಳಿಕೆಯ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲದ್ದಿ ಉಜ್ಜಿ. ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಭಾಗಗಳನ್ನು ನೆನೆಸಿಡಬೇಡಿ. ಒಣ ಬಟ್ಟೆಯಲ್ಲಿ ಸ್ವಲ್ಪ ಬ್ರಾಸೋ ಪಾಲಿಷ್ ಹಾಕಿ ಮೆಲ್ಲಗೆ ತಿಕ್ಕಿದರೆ ಹೊಳಪು ಮರಳುತ್ತದೆ. ಹೊಸ ಬಣ್ಣ ಹೊಡೆಸುವವರಿದ್ದಾರೆ, ನನಗೆ ಅದು ಇಷ್ಟವಿಲ್ಲ. ಕಂಪನಿಯ ಚೀಟಿ, ಗ್ಯಾರಂಟಿ ನಂಬರು ಎಲ್ಲ ಅದರಡಿ ಮುಚ್ಚಿಹೋಗುತ್ತವೆ.

ಸರಿಮಾಡಿದ್ದನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ, ಪ್ಲಾಸ್ಟಿಕ್ ಕವರಿನಲ್ಲಂತೂ ಬೇಡವೇ ಬೇಡ. ಹೋಸ್ ಪೈಪನ್ನು ಮಡಚದೆ ದೊಡ್ಡ ಸುತ್ತಿನಲ್ಲಿ ಗೋಡೆಗೆ ತೂಗುಹಾಕಿ. ಗಾಳಿ ಹೊರಬರುವ ಬಾಯಿಗೆ ಜಾಲರಿ ತುಂಡು ಸಿಕ್ಕಿಸಿ, ಇಲಿಯ ಬಾಗಿಲೇ ಅದು. ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿ.

ಚಿಕ್ಕಮ್ಮನ ಮಷೀನನ್ನು ಕೊನೆಗೆ ಒರೆಸುವಾಗ ಮುಚ್ಚಳದ ಮೇಲೆ ಮೂರು ಮಾಸಲು ಕೆಂಪು ಚುಕ್ಕೆ ಕಂಡವು. ಯಾವುದೋ ವರ್ಷದ ಆಯುಧಪೂಜೆಯ ಕುಂಕುಮ. ಸೋಪಿನ ಬಟ್ಟೆ ಅಲ್ಲಿಗೆ ಒಯ್ದವನು ಸುತ್ತಲೂ ಒರೆಸಿ ಅಷ್ಟನ್ನು ಬಿಟ್ಟೆ. ಈಗ ಅದು ನಮ್ಮ ಮನೆಯಲ್ಲಿ ಫ್ರಿಜ್ಜಿನ ಪಕ್ಕ ಇದೆ. ತಿಂಗಳ ಮೊದಲ ಭಾನುವಾರ ಸೋಫಾ, ಹಾಸಿಗೆ, ಪುಸ್ತಕದ ಕಪಾಟು ಅದರ ಪಾಲು. ನೆಲ ಮಾತ್ರ ಇವತ್ತಿಗೂ ಪೊರಕೆಯದೇ.